ಜಿಪ್ ಕಂಡಿತು, ಮುಂದೇನು?

ಶನಿವಾರ ರಾತ್ರಿ ಪುಣೆಯದೋ ಗುರುಗ್ರಾಮದ್ದೋ ಒಂದು ಫ್ಲ್ಯಾಟಿನಲ್ಲಿ ಐದಾರು ಗೆಳೆಯರು ಸೇರಿರುತ್ತಾರೆ. ಊಟ ಆರ್ಡರ್ ಮಾಡಿ ಆಗಿದೆ. ಯಾರೋ ಟಿವಿಯಲ್ಲಿ ಯೂಟ್ಯೂಬ್ ತೆರೆದು ರಾಮ್ಸೆ ಸಹೋದರರ 'ಪುರಾನಾ ಮಂದಿರ್' ಹಾಕುತ್ತಾರೆ. ಹೆದರಲೆಂದು ಯಾರೂ ಕೂತಿಲ್ಲ. ಮಂಜಿನ ಹೊಗೆ ಎದ್ದರೆ ಒಂದು ನಗು, ಬಾಗಿಲು ಕಿರ್ರೆಂದರೆ ಇನ್ನೊಂದು, ಸಾಮ್ರಿಯ ಮುಖ ತೆರೆಯ ತುಂಬ ಬಂದಾಗಲಂತೂ ಬಿದ್ದೂ ಬಿದ್ದೂ ನಗು. ಮಾರನೆಯ ದಿನ ಅದರ ನಾಲ್ಕು ತುಣುಕುಗಳು ವಾಟ್ಸ್ಯಾಪಿನಲ್ಲಿ ಸುತ್ತುತ್ತವೆ. ಕೆಳಗೆ ಒಂದೇ ಷರಾ: ಎಷ್ಟು ಕೆಟ್ಟದಾಗಿದೆ ಅಂದ್ರೆ, ಸಖತ್ತಾಗಿದೆ!

ಈ ಷರಾ ಈಗ ವಿಮರ್ಶೆಯ ಪೀಠವನ್ನೇ ಏರಿ ಕೂತಿದೆ. ಅದನ್ನು ಹೇಳಿದವರು ಸಿನಿಮಾ ಗೊತ್ತಿರುವವರು, ರಸಿಕರು, ಹಳೆಯದನ್ನು ಪ್ರೀತಿಸುವವರು ಎನಿಸಿಕೊಳ್ಳುತ್ತಾರೆ. ಆದರೆ ಹಳೆಯ, ಅಗ್ಗದ ರಕ್ಕಸ ಸಿನಿಮಾಗಳಿಗೆ ಈ ಪ್ರೀತಿಯಿಂದ ಆಗಿರುವುದು ಎರಡು ಬಗೆಯ ಅನ್ಯಾಯ. ಅವುಗಳಲ್ಲಿ ನಿಜಕ್ಕೂ ಚೆನ್ನಾಗಿರುವುದು ಈ ನಗುವಿನ ಗದ್ದಲದಲ್ಲಿ ಯಾರ ಕಣ್ಣಿಗೂ ಬೀಳುವುದಿಲ್ಲ. ನಿಜಕ್ಕೂ ಕೆಟ್ಟದ್ದು, ಅದೇ ನಗುವಿನ ಸೆರಗಿನಲ್ಲಿ ಅಡಗಿ ಶಿಕ್ಷೆಯಿಲ್ಲದೆ ಪಾರಾಗುತ್ತದೆ. ರಬ್ಬರಿನ ಮುಖವಾಡ ಕಂಡು ನಕ್ಕವರು ಅಪರಾಧಿಯನ್ನು ಬಿಟ್ಟು ಬಡವನನ್ನು ಹಿಡಿದ ಪೊಲೀಸರಂತೆ ವರ್ತಿಸುತ್ತಾರೆ.

ಈ ಬಗೆಯ ನಗುವಿಗೂ ಒಂದು ಇತಿಹಾಸವಿದೆ. ಅಮೆರಿಕದಲ್ಲಿ 1980ರಲ್ಲಿ ಹ್ಯಾರಿ ಮೆಡ್ವೆಡ್ ಮತ್ತು ಮೈಕಲ್ ಮೆಡ್ವೆಡ್ ಎಂಬ ಸೋದರರು 'ದ ಗೋಲ್ಡನ್ ಟರ್ಕಿ ಅವಾರ್ಡ್ಸ್' ಎಂಬ ಪುಸ್ತಕ ತಂದು, ಅತಿ ಕೆಟ್ಟ ಸಿನಿಮಾಗಳಿಗೆ ಪ್ರಶಸ್ತಿ ಹಂಚಿದರು. ಎಡ್ ವುಡ್‌ನ 'ಪ್ಲಾನ್ 9 ಫ್ರಮ್ ಔಟರ್ ಸ್ಪೇಸ್' ಸಾರ್ವಕಾಲಿಕ ಕೆಟ್ಟ ಚಿತ್ರ ಎಂಬ ಬಿರುದು ಪಡೆಯಿತು. ಎರಡು ವರ್ಷ ಮೊದಲೇ, 1978ರಲ್ಲಿ, ಎಡ್ ವುಡ್ ಬಡತನದಲ್ಲೇ ತೀರಿಕೊಂಡಿದ್ದ. 1988ರಲ್ಲಿ ಮಿನ್ನಿಯಾಪೊಲಿಸ್‌ನ ಒಂದು ಸ್ಥಳೀಯ ಟಿವಿ ವಾಹಿನಿಯಲ್ಲಿ 'ಮಿಸ್ಟರಿ ಸೈನ್ಸ್ ಥಿಯೇಟರ್ 3000' ಶುರುವಾಯಿತು. ಒಬ್ಬ ಮನುಷ್ಯ, ಎರಡು ಗೊಂಬೆ ರೋಬೋಗಳು ತೆರೆಯ ಕೆಳಗೆ ನೆರಳಾಗಿ ಕೂತು, ಓಡುತ್ತಿರುವ ಹಳೆಯ ಸಿನಿಮಾದ ಮೇಲೆ ಚಟಾಕಿ ಹಾರಿಸುತ್ತಿದ್ದವು. ಮನೆಯ ಸೋಫಾದಲ್ಲಿ ಕೂತವರಿಗೆ ಇದೊಂದು ಪಾಠವಾಯಿತು. ಸಿನಿಮಾ ನೋಡುವುದೆಂದರೆ ಅದರ ಜಿಪ್ ಹುಡುಕುವುದು ಎಂದು ಎರಡು ಪೀಳಿಗೆ ಕಲಿಯಿತು.

ಜಿಪ್ ಹುಡುಕುವವರ ಅಚ್ಚುಮೆಚ್ಚಿನ ಉದಾಹರಣೆಯನ್ನೇ ತೆಗೆದುಕೊಳ್ಳಬಹುದು: 1953ರ 'ರೋಬೋ ಮಾನ್‌ಸ್ಟರ್'. ನಿರ್ದೇಶಕ ಫಿಲ್ ಟಕರ್. ಭೂಮಿಯ ಮೇಲಿನ ಮನುಷ್ಯರನ್ನೆಲ್ಲ ಮುಗಿಸಲು ಅನ್ಯಗ್ರಹದಿಂದ ಬಂದ ಯಂತ್ರಜೀವಿ ಅದರ ಖಳ. ರೋಬೋ ವೇಷ ಮಾಡಿಸಲು ಹಣವಿರಲಿಲ್ಲ. ಜಾರ್ಜ್ ಬ್ಯಾರೋಸ್ ಎಂಬ ನಟನ ಬಳಿ ಸ್ವಂತ ಗೊರಿಲ್ಲಾ ವೇಷವಿತ್ತು; ಅದೇ ಅವನ ಕಸುಬು. ಅವನನ್ನು ಕರೆಸಿ, ಗೊರಿಲ್ಲಾದ ಮೈಮೇಲೆ ಮುಳುಗುಗಾರರ ಶಿರಸ್ತ್ರಾಣದಂಥದ್ದೊಂದನ್ನು ಕೂರಿಸಿದರು. ಲಾಸ್ ಏಂಜಲೀಸ್‌ನ ಬ್ರಾನ್ಸನ್ ಕಣಿವೆಯಲ್ಲಿ ನಾಲ್ಕು ದಿನ ಚಿತ್ರೀಕರಣ, ಸುಮಾರು 16,000 ಡಾಲರ್ ವೆಚ್ಚ. ರಕ್ಕಸನ ಗುಹೆಯ ಮುಂದೆ ಸಾಬೂನಿನ ಗುಳ್ಳೆ ಹಾರಿಸುವ ಯಂತ್ರವೊಂದಿದೆ. ಹೆಸರುಗಳ ಪಟ್ಟಿಯಲ್ಲಿ ಅದಕ್ಕೂ ಒಂದು ಸಾಲು ಸಿಕ್ಕಿದೆ.

ನಗಬಾರದು ಎಂದು ಯಾರೂ ಹೇಳಲಾರರು. ಗೊರಿಲ್ಲಾ ಗುಡ್ಡ ಹತ್ತಿ ಏದುಸಿರು ಬಿಡುತ್ತ ಇಳಿಯುವುದನ್ನು ನೋಡಿ ನಗು ಬರದವರು ಅಪರೂಪ. ಆದರೆ ಕಣ್ಣು ಮುಚ್ಚಿ ಆ ಸಿನಿಮಾ ಕೇಳಿದರೆ ಬೇರೆಯೇ ಒಂದು ಸಂಗತಿ ಎದುರಾಗುತ್ತದೆ. ಸಂಗೀತ ಸಾಬೂನಿನ ಗುಳ್ಳೆಗಳದ್ದಲ್ಲ. ಗಂಭೀರ, ಭಾರವಾದ, ನಿಜವಾದ ಗಂಡಾಂತರದ ಸಂಗೀತ. ಅದನ್ನು ಕೊಟ್ಟವನು ಎಲ್ಮರ್ ಬರ್ನ್‌ಸ್ಟೀನ್. ಮುಂದೆ 'ದ ಟೆನ್ ಕಮಾಂಡ್‌ಮೆಂಟ್ಸ್', 'ದ ಮ್ಯಾಗ್ನಿಫಿಸೆಂಟ್ ಸೆವೆನ್', 'ಟು ಕಿಲ್ ಎ ಮಾಕಿಂಗ್‌ಬರ್ಡ್' ಚಿತ್ರಗಳಿಗೆ ಸಂಗೀತ ಕೊಟ್ಟ ಅದೇ ಬರ್ನ್‌ಸ್ಟೀನ್. ಗೊರಿಲ್ಲಾ ವೇಷಕ್ಕೆ ಸಂಗೀತ ಬರೆಯುವಾಗಲೂ ಅವನು ಕೈ ಬಿಗಿಹಿಡಿಯಲಿಲ್ಲ, ಅಣಕಿಸಲಿಲ್ಲ. ಇದು ಚಟಾಕಿಯ ನಡುವೆ ಕೇಳಿಸುವುದಿಲ್ಲ.

*

ಅಗ್ಗದ ರಕ್ಕಸ ಸಿನಿಮಾಗಳ ಬಗ್ಗೆ ನ್ಯಾಯವಾಗಿ ಮಾತಾಡಬೇಕಾದರೆ ಮೊದಲು ಒಂದು ಗೆರೆ ಎಳೆಯಬೇಕು. ಬಡತನ ಬೇರೆ, ಜಿಪುಣತನ ಬೇರೆ. ಇಲ್ಲದವನು ಇದ್ದುದರಲ್ಲೇ ಮಾಡುವುದು ಒಂದು, ಇದ್ದವನು ಇಷ್ಟು ಸಾಕು ಬಿಡು ಎನ್ನುವುದು ಇನ್ನೊಂದು. ತೆರೆಯ ಮೇಲೆ ಎರಡೂ ಒಂದೇ ಥರ ಪೇಲವವಾಗಿ ಕಾಣಬಹುದು. ಆದರೆ ಮೊದಲನೆಯದರಿಂದ ಕಲೆ ಹುಟ್ಟಿದೆ, ಎರಡನೆಯದರಿಂದ ಮೋಸ.

ಬಡತನದ ಒಳ್ಳೆಯ ಉದಾಹರಣೆ 1942ರ 'ಕ್ಯಾಟ್ ಪೀಪಲ್'. ಆರ್‌ಕೆಓ ಕಂಪನಿ ಆರ್ಸನ್ ವೆಲ್ಸ್‌ನ ಚಿತ್ರಗಳಲ್ಲಿ ಕೈಸುಟ್ಟುಕೊಂಡಿತ್ತು. ವಾಲ್ ಲೂಟನ್ ಎಂಬ ನಿರ್ಮಾಪಕನನ್ನು ಕರೆದು ಒಂದೊಂದಕ್ಕೆ 1.5 ಲಕ್ಷ ಡಾಲರ್ ಮೀರದಂತೆ ಭಯದ ಚಿತ್ರಗಳನ್ನು ಮಾಡು ಎಂದಿತು. ಕಥೆ ಅವನದು, ಶೀರ್ಷಿಕೆ ಮಾತ್ರ ಕಂಪನಿಯೇ ಕೊಡುತ್ತಿತ್ತು. ಹೆಣ್ಣೊಬ್ಬಳು ಚಿರತೆಯಾಗುವ ಕಥೆ. ಅದನ್ನು ತೋರಿಸಬಲ್ಲ ವೇಷವಾಗಲಿ ತಂತ್ರವಾಗಲಿ ಆ ದುಡ್ಡಿಗೆ ಸಿಗುವಂತಿರಲಿಲ್ಲ. ಹಾಗಾಗಿ ಲೂಟನ್ ಮತ್ತು ನಿರ್ದೇಶಕ ಜಾಕ್ ಟೂರ್ನರ್ ತೋರಿಸದಿರಲು ನಿರ್ಧರಿಸಿದರು. ಪಾರ್ಕಿನ ಗೋಡೆ ಪಕ್ಕದ ಕಾಲುದಾರಿಯಲ್ಲಿ ರಾತ್ರಿ ಒಬ್ಬಳು ನಡೆಯುತ್ತಾಳೆ. ಹಿಂದೆ ಇನ್ನೊಂದು ಜೊತೆ ಹೆಜ್ಜೆ ಸದ್ದು. ನಡುವೆ ಆ ಸದ್ದು ನಿಂತುಹೋಗುತ್ತದೆ. ಮುಂದಿನ ಕ್ಷಣ ಬುಸ್ಸೆಂದು ನುಗ್ಗುವುದು ಚಿರತೆಯಲ್ಲ, ಬ್ರೇಕ್ ಹಾಕಿದ ಒಂದು ಬಸ್ಸು. ಆಮೇಲೆ ಈಜುಕೊಳದ ದೃಶ್ಯ: ನೀರಿನ ಬೆಳಕು ಚಾವಣಿಯ ಮೇಲೆ ಕುಣಿಯುತ್ತದೆ, ಒಂದು ನೆರಳು ಸರಿಯುತ್ತದೆ, ಗುರುಗುಟ್ಟಿದಂತೆ ಕೇಳುತ್ತದೆ. ಅಷ್ಟೇ. ಎಂಬತ್ತು ವರ್ಷಗಳ ಮೇಲೂ ಭಯದ ಸಿನಿಮಾ ಮಾಡುವವರು ಆ ಬಸ್ಸಿನ ತಂತ್ರವನ್ನು ಬಳಸುತ್ತಲೇ ಇದ್ದಾರೆ. ಅವರು ಅದನ್ನು ಲೂಟನ್ ಬಸ್ ಎಂದೇ ಕರೆಯುತ್ತಾರೆ. ಜೇಬು ಖಾಲಿಯಿದ್ದುದರಿಂದ ಹುಟ್ಟಿದ ವ್ಯಾಕರಣ ಅದು.

ಬಡತನದಲ್ಲಿ ಎಲ್ಲರೂ ಇಷ್ಟು ಜಾಣರಾಗಿರಲಿಲ್ಲ. 1956ರ 'ಇಟ್ ಕಾಂಕರ್ಡ್ ದ ವರ್ಲ್ಡ್' ಚಿತ್ರಕ್ಕಾಗಿ ಪಾಲ್ ಬ್ಲೇಸ್ಡೆಲ್ ಎಂಬ ಕಲಾವಿದ ಶುಕ್ರಗ್ರಹದ ಜೀವಿಯೊಂದನ್ನು ಮಾಡಿದ. ಗುರುತ್ವ ಹೆಚ್ಚಿರುವ ಗ್ರಹದ ಪ್ರಾಣಿ ಗಿಡ್ಡಗೆ, ಅಗಲವಾಗಿ, ನೆಲಕ್ಕೆ ಅಂಟಿದಂತಿರಬೇಕು ಎಂಬುದು ನಿರ್ದೇಶಕ ರೋಜರ್ ಕಾರ್ಮನ್‌ನ ತರ್ಕ. ತರ್ಕವೇನೋ ಸೊಗಸು. ಆದರೆ ಆ ಜೀವಿಯ ಮುಂದೆ ನಿಂತ ನಟಿ ಬೆವರ್ಲಿ ಗಾರ್ಲೆಂಡ್‌ಗೆ ನಗು ಬಂತು, ಅದನ್ನು ಎತ್ತರಿಸಬೇಕಾಯಿತು. ಗುಹೆಯ ಕತ್ತಲಲ್ಲಿ ಅರ್ಧಂಬರ್ಧ ಕಾಣಲೆಂದು ಮಾಡಿದ ಪ್ರಾಣಿಯನ್ನು ಕೊನೆಗೆ ಹಗಲು ಬೆಳಕಿಗೆ ಎಳೆದು ತಂದರು. ಬೆಳಕಿನಲ್ಲಿ ಅದು ಹಲ್ಲು ಬಂದ ಬದನೆಕಾಯಿಯಂತೆ ಕಂಡರೆ ತಪ್ಪು ಬ್ಲೇಸ್ಡೆಲ್‌ನ ಕೈಯದಲ್ಲ, ಫೋಮ್ ರಬ್ಬರಿನದೂ ಅಲ್ಲ. ಯಾವಾಗ, ಎಷ್ಟು, ಯಾವ ಬೆಳಕಿನಲ್ಲಿ ತೋರಿಸಬೇಕು ಎಂಬುದು ನಿರ್ದೇಶಕನ ಕೆಲಸ. 'ಕ್ಯಾಟ್ ಪೀಪಲ್' ಗೆದ್ದದ್ದೂ ಈ ಚಿತ್ರ ಸೋತದ್ದೂ ಅಲ್ಲೇ.

ಇನ್ನು ಜಿಪುಣತನ. 1957ರ 'ದ ಜೈಂಟ್ ಕ್ಲಾ' ಚಿತ್ರದಲ್ಲಿ ಯುದ್ಧನೌಕೆಯಷ್ಟು ದೊಡ್ಡ ಹಕ್ಕಿಯೊಂದು ಭೂಮಿಯ ಮೇಲೆ ದಾಳಿ ಮಾಡುತ್ತದೆ. ಇದರ ನಿರ್ಮಾಪಕ ಸ್ಯಾಮ್ ಕಾಟ್ಜ್‌ಮನ್, ಹಿಂದಿದ್ದ ಕಂಪನಿ ಕೊಲಂಬಿಯಾ. ಬೀದಿಯಲ್ಲಿ ಗೊರಿಲ್ಲಾ ವೇಷ ಹುಡುಕುವ ಸ್ಥಿತಿ ಇಬ್ಬರದೂ ಅಲ್ಲ. ಹಕ್ಕಿಯನ್ನು ಅಗ್ಗದ ದರಕ್ಕೆ ಮೆಕ್ಸಿಕೋದಲ್ಲಿ ಮಾಡಿಸಲಾಯಿತು. ನಟರು ಚಿತ್ರೀಕರಣದ ಹೊತ್ತಿಗೆ ಅದನ್ನು ಕಂಡೇ ಇರಲಿಲ್ಲ. ಖಾಲಿ ಆಕಾಶ ನೋಡಿ ಪ್ರಾಮಾಣಿಕವಾಗಿ ಹೆದರಿದರು. ನಾಯಕ ಜೆಫ್ ಮಾರೋ ಆ ಹಕ್ಕಿಯನ್ನು ಮೊದಲು ನೋಡಿದ್ದು ತನ್ನ ಊರಿನ ಥಿಯೇಟರಿನಲ್ಲಿ. ಉದ್ದ ಕತ್ತು, ಉಬ್ಬಿದ ಕಣ್ಣು, ನೆತ್ತಿಯಲ್ಲಿ ಕೆದರಿದ ಜುಟ್ಟು. ಸುತ್ತಲಿನವರು ನಗತೊಡಗಿದಾಗ, ಚಿತ್ರ ಮುಗಿಯುವ ಮೊದಲೇ ಯಾರಿಗೂ ಗುರುತು ಸಿಗದಂತೆ ಎದ್ದು ಹೋದೆ ಎಂದು ಅವನೇ ಆಮೇಲೆ ಹೇಳಿಕೊಂಡ.

ಇಂದಿಗೂ ಆ ಹಕ್ಕಿಯ ಮೇಲೆ ನಗುವವರು ಲೆಕ್ಕವಿಲ್ಲ. ಆದರೆ ಆ ನಗುವಿನ ನಿಜವಾದ ಗುರಿ ಯಾರು? ಬೊಂಬೆ ಮಾಡಿದವರೇ? ಗಂಭೀರವಾಗಿ ನಟಿಸಿದ ಮಾರೋನೇ? ಇಷ್ಟು ಸಾಕು ಎಂದು ಸಹಿ ಹಾಕಿದ ಕಚೇರಿಗೆ ನಗು ತಾಗುವುದೇ ಇಲ್ಲ. ಅದು ಟಿಕೆಟ್ಟಿನ ದುಡ್ಡು ಎಣಿಸಿಕೊಂಡು ಎಂದೋ ಹೊರಟುಹೋಗಿದೆ.

ದುಡ್ಡು ಸುರಿದರೆ ಎಲ್ಲ ಸರಿಹೋಗುತ್ತಿತ್ತು ಎನ್ನುವವರಿಗೆ 2023ರ 'ಆದಿಪುರುಷ್' ನೆನಪಿರಬೇಕು. ನೂರಾರು ಕೋಟಿ ವೆಚ್ಚದ ಆ ಚಿತ್ರದ ಟೀಸರ್ ಬಂದಾಗಲೇ ಗ್ರಾಫಿಕ್ಸ್ ನೋಡಿ ದೇಶವೆಲ್ಲ ನಕ್ಕಿತು. ಬಿಡುಗಡೆಯನ್ನು ಜನವರಿಯಿಂದ ಜೂನ್‌ಗೆ ಮುಂದೂಡಿದರು. ಬಂದ ಮೇಲೂ ನಗು ನಿಲ್ಲಲಿಲ್ಲ. ಗೊರಿಲ್ಲಾ ವೇಷಕ್ಕೆ ಮೈಯಾದರೂ ಇತ್ತು. ಅದು ಕಲ್ಲಿನ ಮೇಲೆ ಕಾಲಿಟ್ಟರೆ ಕಲ್ಲು ಅಲುಗುತ್ತಿತ್ತು.

*

ಸುಳ್ಳು ವೇಷ ಕಂಡ ಕೂಡಲೇ ಭಯ ಸತ್ತುಹೋಗುತ್ತದೆ ಎಂಬುದೇ ಈ ನಗುವಿನ ಅಡಿಪಾಯ. ಕನ್ನಡದಲ್ಲಿ ಬೆಳೆದವರು ಇದನ್ನು ಒಪ್ಪಬೇಕಾದ ಅಗತ್ಯವೇ ಇಲ್ಲ. ಕರಾವಳಿಯ ಯಕ್ಷಗಾನದಲ್ಲಿ ಬಣ್ಣದ ವೇಷ ಎಂಬ ಒಂದು ವರ್ಗವೇ ಇದೆ, ರಕ್ಕಸರದು. ಅಕ್ಕಿ ಹಿಟ್ಟು, ಸುಣ್ಣ ಕಲಸಿ ಮುಖದ ತುಂಬ ಚುಟ್ಟಿ ಇಡಲು ಗಂಟೆಗಟ್ಟಲೆ ಬೇಕು. ಚೌಕಿಯಲ್ಲಿ ವೇಷ ಕಟ್ಟಿಕೊಳ್ಳುವವನನ್ನು ಮಕ್ಕಳು ಇಣುಕಿ ನೋಡುತ್ತಾರೆ. ಅವನು ಯಾವ ಊರಿನವನು, ಯಾರ ಮಗ ಎಂದು ಎಲ್ಲರಿಗೂ ಗೊತ್ತು. ಆದರೂ ನಡುರಾತ್ರಿ ತೆರೆಯ ಹಿಂದಿನಿಂದ ಅಬ್ಬರ ಕೇಳಿ, ದೊಂದಿಗೆ ರಾಳ ಎರಚಿ ಬೆಂಕಿ ಭಗ್ಗೆಂದಾಗ ಅದೇ ಮಕ್ಕಳು ಅಮ್ಮನ ಮಡಿಲಿಗೆ ನುಗ್ಗುತ್ತಾರೆ. ಬಣ್ಣ ಕಾಣುತ್ತದೆ ಎಂದು ಯಾರೂ ನಗುವುದಿಲ್ಲ. ಬಣ್ಣ ಕಾಣಲೆಂದೇ ಅದನ್ನು ಹಾಕಿರುವುದು. ಮುಂಬಯಿಯ ಸಭಾಂಗಣಗಳಲ್ಲಿ, ಮಿಂಚುವ ವಿದ್ಯುದ್ದೀಪದ ಕೆಳಗೆ ಆಟ ನಡೆದಾಗಲೂ ಪ್ರೇಕ್ಷಕರು ಈ ಕರಾರನ್ನು ಮುರಿಯುವುದಿಲ್ಲ.

ರಂಗದ ಮೇಲಿನ ರಕ್ಕಸನಿಗೆ ಕೊಡುವ ಈ ಸಲುಗೆಯನ್ನು ತೆರೆಯ ಮೇಲಿನ ರಬ್ಬರಿನ ರಕ್ಕಸನಿಗೆ ಯಾಕೆ ಕೊಡಬಾರದು? ಸಿನಿಮಾ ಎಂದರೆ ನಿಜದ ಪಡಿಯಚ್ಚು ಎಂಬ ಮೂಢನಂಬಿಕೆಯೊಂದೇ ಅಡ್ಡ. ಯಕ್ಷಗಾನದ ವೇಷಕ್ಕೆ ನೂರಾರು ವರ್ಷಗಳ ಸಂಪ್ರದಾಯವಿದೆ, ನಾಲ್ಕು ದಿನದ ಗೊರಿಲ್ಲಾ ಚಿತ್ರಕ್ಕೆ ಅದಿಲ್ಲ ಎಂಬ ಆಕ್ಷೇಪ ನಿಜ. ಎರಡನ್ನೂ ಒಂದೇ ಪೀಠದಲ್ಲಿ ಕೂರಿಸುವ ಮಾತೂ ಇದಲ್ಲ. ವೇಷ ವೇಷವೆಂದು ಗೊತ್ತಾಗುವುದೇ ಸೋಲಲ್ಲ ಎಂಬುದಷ್ಟೇ ಮಾತು. ನೋಡುವವರು ತಮ್ಮ ಪಾಲಿನ ಅರ್ಧವನ್ನು ಕೊಟ್ಟಾಗಲೇ ರಕ್ಕಸ ಪೂರ್ತಿಯಾಗುವುದು. ಹಳೆಯ ಅಗ್ಗದ ಚಿತ್ರಗಳ ಮೋಡಿ ಆ ಅರ್ಧವನ್ನು ಅವು ನಾಚಿಕೆಯಿಲ್ಲದೆ ಬೇಡುವುದರಲ್ಲಿದೆ.

*

ಈಗ ಮತ್ತೆ ಆ ಫ್ಲ್ಯಾಟಿನ ಟಿವಿಗೆ, ರಾಮ್ಸೆ ಸಹೋದರರಿಗೆ ಬರಬಹುದು. ಅವರ ತಂದೆ ಎಫ್. ಯು. ರಾಮ್ಸೆ ಕರಾಚಿಯಲ್ಲಿ ರೇಡಿಯೊ ಅಂಗಡಿ ಇಟ್ಟಿದ್ದವರು. ಮೂಲ ಹೆಸರು ರಾಮ್‌ಸಿಂಘಾನಿ. ಬ್ರಿಟಿಷ್ ಗಿರಾಕಿಗಳ ನಾಲಿಗೆಯಲ್ಲಿ ರಾಮ್ಸೆ ಆಯಿತು. ದೇಶವಿಭಜನೆಯಾದಾಗ ಮುಂಬಯಿಗೆ ಬಂದರು, ಸಿನಿಮಾಕ್ಕೆ ಹಣ ಹಾಕಿದರು, ಕಳೆದುಕೊಂಡರು. 1970ರ 'ಏಕ್ ನನ್ಹೀ ಮುನ್ನಿ ಲಡ್ಕಿ ಥಿ' ಸೋತಿತು. ಆದರೆ ಆ ಚಿತ್ರದಲ್ಲಿ ಪೃಥ್ವಿರಾಜ್ ಕಪೂರ್ ವಿಕಾರ ಮುಖವಾಡ ಹಾಕಿಕೊಂಡು ಕಳ್ಳತನಕ್ಕೆ ಬರುವ ಒಂದು ದೃಶ್ಯಕ್ಕೆ ಮಾತ್ರ ಜನ ಮುಗಿಬೀಳುತ್ತಿದ್ದುದನ್ನು ಮಕ್ಕಳು ಗಮನಿಸಿದರು. ಪೂರ್ತಿ ಸಿನಿಮಾವೇ ಹೀಗಿದ್ದರೆ? ಎರಡು ವರ್ಷದಲ್ಲಿ, 1972ರಲ್ಲಿ, 'ದೋ ಗಜ್ ಜಮೀನ್ ಕೇ ನೀಚೇ' ಬಂತು.

ಏಳು ಜನ ಅಣ್ಣತಮ್ಮಂದಿರು ಕೆಲಸ ಹಂಚಿಕೊಂಡರು. ತುಳಸಿ ಮತ್ತು ಶ್ಯಾಮ್ ನಿರ್ದೇಶನ, ಗಂಗು ಕ್ಯಾಮೆರಾ, ಕಿರಣ್ ಶಬ್ದ, ಕುಮಾರ್ ಬರವಣಿಗೆ, ಅರ್ಜುನ್ ಸಂಕಲನ, ಕೇಶು ನಿರ್ಮಾಣದ ಓಡಾಟ. ಮಹಾಬಲೇಶ್ವರಕ್ಕೆ ಹೋಗಿ ಬೀಡುಬಿಟ್ಟರೆ ಯೂನಿಟ್ಟೇ ಒಂದು ಸಂಸಾರ. ದೊಡ್ಡ ತಾರೆಯರಿಲ್ಲ, ಸ್ಟುಡಿಯೊ ಸೆಟ್ಟುಗಳಿಲ್ಲ. ಹಳೆಯ ಬಂಗಲೆ, ಹೊಗೆ, ಕೆಂಪು ನೀಲಿ ಬೆಳಕು, ಜಂಗು ಹಿಡಿದ ಬಾಗಿಲು. ದೊಡ್ಡ ನಿರ್ಮಾಪಕರು ಹೊರಳಿಯೂ ನೋಡದ ಸಣ್ಣ ಊರುಗಳ ಥಿಯೇಟರುಗಳಲ್ಲಿ ಇವು ಓಡಿದವು. 1984ರ 'ಪುರಾನಾ ಮಂದಿರ್' ಆ ವರ್ಷದ ದೊಡ್ಡ ಗೆಲುವುಗಳಲ್ಲಿ ಒಂದಾಯಿತು. ಇದು ಬಡತನದ ಸಾಲಿನ ಸಿನಿಮಾ, ಕಸುಬಿನ ಸಿನಿಮಾ. ಅದರ ಹೊಗೆಯ ಮೇಲೆ ನಗುವವರು ಒಂದು ಕುಟುಂಬದ ಮೂವತ್ತು ವರ್ಷಗಳ ದುಡಿಮೆಯ ಮೇಲೆ ನಗುತ್ತಿದ್ದಾರೆ.

ಹಾಗೆಂದು ಈ ಚಿತ್ರಗಳನ್ನು ಹೊತ್ತು ಮೆರೆಸಬೇಕಾಗಿಲ್ಲ. ನಿಜವಾದ ದೋಷಗಳ ಪಟ್ಟಿ ಉದ್ದವಿದೆ. ಶನಿವಾರ ರಾತ್ರಿಯ ನಗೆಗಾರರು ಆ ಪಟ್ಟಿಯ ಒಂದು ಸಾಲನ್ನೂ ಓದಿರುವುದಿಲ್ಲ.

ಮೊದಲನೆಯದು ಸೋಮಾರಿ ಕಥೆ. 'ಪುರಾನಾ ಮಂದಿರ್' ಆರಂಭದಲ್ಲಿ ತಲೆ ಒಂದು ಕಡೆ, ಮುಂಡ ಒಂದು ಕಡೆ ಹೂತ ರಕ್ಕಸನ ಶಾಪವನ್ನು ಹೇಳುತ್ತದೆ. ಜನಪದ ಕಥೆಯ ಗಟ್ಟಿತನ ಅದಕ್ಕಿದೆ. ಅದನ್ನು ಬೆಳೆಸುವ ಬದಲು ಸಿನಿಮಾ ನಡುವೆ ಜಗದೀಪ್‌ನ ಮಚ್ಛರ್ ಸಿಂಗ್‌ನನ್ನು ತಂದು 'ಶೋಲೆ'ಯ ಅಣಕ ಶುರು ಮಾಡುತ್ತದೆ. ಆ ಹಾಸ್ಯಕ್ಕೂ ಮುಖ್ಯ ಕಥೆಗೂ ಸಂಬಂಧ ದುರ್ಬೀನು ಹಾಕಿದರೂ ಕಾಣದು. ಇದಕ್ಕೆ ದುಡ್ಡಿಲ್ಲ ಎಂಬ ನೆಪ ನಡೆಯುವುದಿಲ್ಲ. ಈ ಅಣಕಕ್ಕೂ ರೀಲು ಬೇಕು, ನಟರು ಬೇಕು, ದಿನ ಬೇಕು. ಅದೇ ರೀಲಿನಲ್ಲಿ ಭಯವನ್ನು ಕಟ್ಟಬಹುದಿತ್ತು.

ಎರಡನೆಯದು ಹೆಣ್ಣಿನ ಲೆಕ್ಕ. ಸಾಮ್ರಿಯ ಶಾಪ ರಾಜನ ವಂಶಕ್ಕೆ, ಆದರೆ ಸಾಯುವವರು ಆ ಮನೆಯ ಹೆಂಗಸರು, ಅದೂ ಹೆರಿಗೆಯಲ್ಲಿ. ಹೀಗೆ ಸಾಯಬಹುದಾದ ಹೆಣ್ಣಿನ ಭಯವೇ ಕಥೆಯ ಜೀವಾಳ ಆಗಬೇಕಿತ್ತು. ಕ್ಯಾಮೆರಾಕ್ಕೆ ಮಾತ್ರ ಅವಳ ಸ್ನಾನದಲ್ಲಿ ಆಸಕ್ತಿ. ಅವಳನ್ನು ರಕ್ಕಸ ನೋಡುವುದಕ್ಕೂ ಕ್ಯಾಮೆರಾ ನೋಡುವುದಕ್ಕೂ ವ್ಯತ್ಯಾಸ ಕಡಿಮೆ. ಇದರ ಬಗ್ಗೆ ಫ್ಲ್ಯಾಟಿನಲ್ಲಿ ಸಿಳ್ಳೆ ಕೇಳುತ್ತದೆ, ಟೀಕೆ ಕೇಳುವುದಿಲ್ಲ. ಕೆಟ್ಟದ್ದೇ ಚೆನ್ನ ಎಂಬ ಷರಾ ಇಲ್ಲಿ ಪರವಾನಗಿಯಾಗುತ್ತದೆ. ಗಂಭೀರ ಚಿತ್ರದಲ್ಲಿ ಬಂದರೆ ಮುಖ ಸಿಂಡರಿಸುವ ದೃಶ್ಯವನ್ನು ಇಲ್ಲಿ ಹಳೆಯ ಕಾಲದ ತಮಾಷೆ ಎಂದು ಸವಿಯಬಹುದು.

ಮೂರನೆಯದು ಎಲ್ಲಕ್ಕಿಂತ ಭಾರವಾದದ್ದು: ಮನುಷ್ಯನ ಮೈಯನ್ನೇ ರಕ್ಕಸನಾಗಿಸಿದ್ದು. ರಬ್ಬರಿಗೂ ದುಡ್ಡಿಲ್ಲದಾಗ ಸಿನಿಮಾ ಕಂಡುಕೊಂಡ ಸುಲಭ ದಾರಿ ಇದು. ಹಾಲಿವುಡ್‌ನಲ್ಲಿ ರಾಂಡೊ ಹ್ಯಾಟನ್ ಎಂಬಾತನಿದ್ದ. ಫ್ಲಾರಿಡಾದಲ್ಲಿ ಪತ್ರಕರ್ತನಾಗಿದ್ದವನು. ಆಕ್ರೊಮೆಗಲಿ ಎಂಬ ಗ್ರಂಥಿ ಕಾಯಿಲೆಯಿಂದ ಅವನ ಮುಖದ, ಕೈಗಳ ಎಲುಬು ಬೆಳೆಯುತ್ತ ಹೋಯಿತು. ಯೂನಿವರ್ಸಲ್ ಕಂಪನಿ ಆ ಮುಖಕ್ಕೆ ಮೇಕಪ್ ಬೇಕಿಲ್ಲ ಎಂಬುದನ್ನೇ ಪ್ರಚಾರ ಮಾಡಿತು. ಅವನ ಕೊನೆಯ ಚಿತ್ರ 'ದ ಬ್ರೂಟ್ ಮ್ಯಾನ್'ನಲ್ಲಿ, ಚೆಲುವನಾಗಿದ್ದ ಕಾಲೇಜು ಕ್ರೀಡಾಪಟುವೊಬ್ಬ ಮುಖ ವಿರೂಪಗೊಂಡು ಕೊಲೆಗಾರನಾಗುತ್ತಾನೆ. ಹ್ಯಾಟನ್ 1946ರ ಫೆಬ್ರವರಿಯಲ್ಲಿ ತೀರಿಕೊಂಡ. ಯೂನಿವರ್ಸಲ್ ಆ ಚಿತ್ರವನ್ನು ಪಿಆರ್‌ಸಿ ಎಂಬ ಸಣ್ಣ ಕಂಪನಿಗೆ ಮಾರಿ ಕೈತೊಳೆದುಕೊಂಡಿತು. ಒಬ್ಬ ರೋಗಿಯ ರೋಗವನ್ನೇ ವೇಷವೆಂದು ಬಾಡಿಗೆಗೆ ಪಡೆದ ಕಥೆ ಇದು.

ಸಾಮ್ರಿಯಾಗಿ ನಟಿಸಿದ ಅನಿರುದ್ಧ್ ಅಗರ್‌ವಾಲ್ ಸಿವಿಲ್ ಎಂಜಿನಿಯರಿಂಗ್ ಓದಿದವರು. ಎತ್ತರದ ಆಳು, ಉದ್ದನೆಯ ಬಿಗಿ ಮುಖ. 1990ರ 'ಬಂದ್ ದರ್ವಾಜಾ'ದಲ್ಲೂ ರಕ್ತಪಿಪಾಸು ಅವರೇ. ಮಾತೇ ಇಲ್ಲದ ಹೊತ್ತಲ್ಲೂ ಭುಜ ಬಾಗಿಸಿ, ನಿಧಾನ ತಿರುಗಿ ಭಯ ಹುಟ್ಟಿಸುವುದು ಅವರಿಗೆ ಗೊತ್ತಿತ್ತು. ಅದು ನಟನೆ. 1994ರ 'ಬ್ಯಾಂಡಿಟ್ ಕ್ವೀನ್'ನಲ್ಲಿ ಬಾಬು ಗುಜ್ಜರ್ ಪಾತ್ರ ಸಿಕ್ಕಿತು, ಅದೇ ವರ್ಷ ಡಿಸ್ನಿಯ 'ದ ಜಂಗಲ್ ಬುಕ್'ನಲ್ಲಿ ಒಂದು ಪಾತ್ರ. ಅಲ್ಲೂ ಖಳನೇ. ಅವರ ಮುಖವನ್ನು ಬಳಸಿಕೊಂಡ ಉದ್ಯಮ ಆ ಮುಖದಾಚೆಗಿನ ನಟನನ್ನು ಹುಡುಕುವ ಗೋಜಿಗೆ ಹೋಗಲಿಲ್ಲ. ಇಂದು ಆ ಮುಖದ ಚಿತ್ರವನ್ನು ಮೀಮ್ ಮಾಡಿ ಹಂಚುವವರು ನಗುತ್ತಿರುವುದು ಮುಖವಾಡಕ್ಕೋ, ಮನುಷ್ಯನಿಗೋ? ತಮ್ಮನ್ನು ತಾವು ಕೇಳಿಕೊಳ್ಳಬೇಕಾದ ಪ್ರಶ್ನೆ ಇದು.

ಆ ಕಾಲ ಹಾಗಿತ್ತು, ಬಜೆಟ್ ಅಷ್ಟೇ ಇತ್ತು ಎನ್ನುವವರು ಪಿಟ್ಸ್‌ಬರ್ಗ್ ಕಡೆ ನೋಡಬೇಕು. 1968ರಲ್ಲಿ ಜಾರ್ಜ್ ರೊಮೆರೊ ಮತ್ತು ಗೆಳೆಯರು 1.14 ಲಕ್ಷ ಡಾಲರಿನಲ್ಲಿ 'ನೈಟ್ ಆಫ್ ದ ಲಿವಿಂಗ್ ಡೆಡ್' ಮಾಡಿದರು. ರಕ್ತಕ್ಕೆ ಚಾಕೊಲೇಟ್ ಸಿರಪ್. ರಕ್ಕಸರೆಂದರೆ ಊರಿನವರೇ, ಮಾಸಿದ ಬಟ್ಟೆ ಹಾಕಿಕೊಂಡು ಕಾಲೆಳೆದು ನಡೆದವರು. ನಾಯಕನ ಪಾತ್ರಕ್ಕೆ ಡ್ಯುವೇನ್ ಜೋನ್ಸ್ ಎಂಬ ಕಪ್ಪು ನಟನನ್ನು ಆರಿಸಿದರು. ಅವನ ಬಣ್ಣದ ಬಗ್ಗೆ ಚಿತ್ರದಲ್ಲಿ ಒಂದು ಮಾತೂ ಇಲ್ಲ. ಸತ್ತವರಿಂದ ಬೆಳತನಕ ಪಾರಾದ ಅವನನ್ನು ಕೊನೆಗೆ ಬದುಕಿರುವ ಬಂದೂಕುಧಾರಿಗಳೇ ಗುಂಡಿಕ್ಕಿ ಕೊಲ್ಲುತ್ತಾರೆ. ಅದರಲ್ಲೂ ದೋಷಗಳಿವೆ, ಮುಖ್ಯ ಹೆಣ್ಣು ಪಾತ್ರ ಅರ್ಧ ಚಿತ್ರ ಮರಗಟ್ಟಿ ಕೂತಿರುತ್ತದೆ. ಆದರೂ ಯೋಚನೆಗೆ ಬಾಡಿಗೆ ಕೊಡಬೇಕಿಲ್ಲ ಎಂದು ಆ ಚಿತ್ರ ತೋರಿಸಿಕೊಟ್ಟಿತು.

*

ಇಷ್ಟಕ್ಕೆ ಎದುರು ಮಾತು ಇದ್ದೇ ಇದೆ. ದಿನವಿಡೀ ದುಡಿದು ಬಂದವರು ಎರಡು ಗಂಟೆ ನಕ್ಕರೆ ಯಾರ ಗಂಟು ಹೋಯಿತು? ಅಲ್ಲದೆ ಆ ನಗುವೇ ಈ ಚಿತ್ರಗಳನ್ನು ಉಳಿಸಿತಲ್ಲ? ಎರಡನೆಯ ಮಾತಿನಲ್ಲಿ ಹುರುಳಿದೆ. ಟೆಕ್ಸಸ್‌ನ ಎಲ್ ಪಾಸೊದಲ್ಲಿ ಗೊಬ್ಬರ ಮಾರುತ್ತಿದ್ದ ಹ್ಯಾಲ್ ವಾರೆನ್ 1966ರಲ್ಲಿ ಮಾಡಿದ 'ಮಾನೋಸ್: ದ ಹ್ಯಾಂಡ್ಸ್ ಆಫ್ ಫೇಟ್' ಚಿತ್ರ ಪೂರ್ತಿ ಮರೆತುಹೋಗಿತ್ತು. 'ಮಿಸ್ಟರಿ ಸೈನ್ಸ್ ಥಿಯೇಟರ್' 1993ರಲ್ಲಿ ಅದನ್ನು ಎತ್ತಿಕೊಂಡು ಗೇಲಿ ಮಾಡಿದ್ದರಿಂದಲೇ ಜನಕ್ಕೆ ಗೊತ್ತಾಯಿತು. ಕೊನೆಗೆ ಅದರ ಮೂಲ ಪ್ರಿಂಟು ಸಿಕ್ಕಿ ಪುನರುದ್ಧಾರವೂ ಆಯಿತು. ಆ ಕಾರ್ಯಕ್ರಮ ಮಾಡಿದವರೂ ಒಂದು ಬಗೆಯ ಕುಶಲಕರ್ಮಿಗಳೇ. ಒಂದೊಂದು ಚಿತ್ರವನ್ನು ಹತ್ತಾರು ಸಲ ನೋಡಿ ಬರೆಯುತ್ತಿದ್ದರು.

ಆದರೆ ಅವರು ಕಷ್ಟಪಟ್ಟು ನೋಡಿದ್ದನ್ನು ಉಳಿದವರು ನೋಡದಿರಲು ಪರವಾನಗಿ ಮಾಡಿಕೊಂಡರು. ಉಳಿಸುವುದೆಂದರೆ ಪ್ರಿಂಟು ಉಳಿಸುವುದಷ್ಟೇ ಆಗಲಾರದು. ಮಾಡಿದವರ ಹೆಸರೂ ಉಳಿಯಬೇಕು. ಅಷ್ಟೇನೂ ಅಗ್ಗದ್ದಲ್ಲದ, 1954ರ 'ಕ್ರೀಚರ್ ಫ್ರಮ್ ದ ಬ್ಲ್ಯಾಕ್ ಲಗೂನ್' ಚಿತ್ರದ ಕಿವಿರುಳ್ಳ ಜಲಮಾನವನನ್ನು ವಿನ್ಯಾಸ ಮಾಡಿದ್ದು ಮಿಲಿಸೆಂಟ್ ಪ್ಯಾಟ್ರಿಕ್ ಎಂಬಾಕೆ. ಪ್ರಚಾರಕ್ಕೆ ಆಕೆಯನ್ನು ಊರೂರು ಸುತ್ತಿಸಿದಾಗ ಮೇಕಪ್ ವಿಭಾಗದ ಮುಖ್ಯಸ್ಥ ಬಡ್ ವೆಸ್ಟ್‌ಮೋರ್ ಉರಿದುಬಿದ್ದ. ಆ ಕೀರ್ತಿ ತನಗೇ ಸೇರಬೇಕೆಂದ. ಆಕೆಗೆ ಅಲ್ಲಿ ಮತ್ತೆ ಅಂಥ ಕೆಲಸ ಸಿಗಲಿಲ್ಲ. ಮಲೋರಿ ಒಮೇರಾ 2019ರಲ್ಲಿ ಆಕೆಯ ಬಗ್ಗೆ ಪುಸ್ತಕ ಬರೆಯುವ ತನಕ ಬಹಳ ಜನಕ್ಕೆ ಆಕೆಯ ಹೆಸರೇ ಗೊತ್ತಿರಲಿಲ್ಲ. ಜಲಮಾನವನ ಬೆನ್ನಿನ ಜಿಪ್ ಮಾತ್ರ ಎಲ್ಲರಿಗೂ ಗೊತ್ತಿತ್ತು.

ಬ್ಲೇಸ್ಡೆಲ್‌ನದು ಇನ್ನೂ ಕಠೋರ. 1958ರಲ್ಲಿ 'ಹೌ ಟು ಮೇಕ್ ಎ ಮಾನ್‌ಸ್ಟರ್' ಎಂಬ ಚಿತ್ರ ಬಂತು. ಸ್ಟುಡಿಯೊವೊಂದರ ಹಳೆಯ ಮೇಕಪ್ ಕಲಾವಿದನಿಗೆ ಹೊಸ ಮಾಲೀಕರು ಬಂದು, ರಕ್ಕಸರ ಕಾಲ ಮುಗಿಯಿತು, ನೀನು ಬೇಡ ಎನ್ನುತ್ತಾರೆ. ಅವನು ಸೇಡು ತೀರಿಸಿಕೊಳ್ಳುತ್ತಾನೆ. ಕೊನೆಯಲ್ಲಿ ಅವನ ಮನೆಗೆ ಬೆಂಕಿ ಬಿದ್ದು, ಗೋಡೆಗೆ ತೂಗುಹಾಕಿದ್ದ ಅವನ ಜೀವಮಾನದ ಮುಖವಾಡಗಳು ಉರಿಯುತ್ತವೆ. ಆ ದೃಶ್ಯಕ್ಕೆಂದು ಗೋಡೆಗೆ ಹಾಕಿದ್ದವುಗಳಲ್ಲಿ ಬ್ಲೇಸ್ಡೆಲ್ ಹಿಂದಿನ ಚಿತ್ರಗಳಿಗೆ ಮಾಡಿಕೊಟ್ಟ ಅಸಲಿ ಮುಖವಾಡಗಳೇ ಇದ್ದವು. ಕೆಲವು ನಿಜವಾಗಿಯೂ ಸುಟ್ಟುಹೋದವು. ಬೇರೆ ಮುಖವಾಡ ಮಾಡಿಸಿ ಸುಡುವುದಕ್ಕಿಂತ ಇದ್ದದ್ದನ್ನೇ ಸುಡುವುದು ಅಗ್ಗವಾಗಿತ್ತು. ಕೆಲವು ವರ್ಷಗಳಲ್ಲಿ ಅವನು ಸಿನಿಮಾದಿಂದಲೇ ದೂರವಾದ.

ಈ ಶನಿವಾರವೂ ಯಾವುದೋ ಫ್ಲ್ಯಾಟಿನಲ್ಲಿ ಇಂಥ ಒಂದು ಸಿನಿಮಾ ಓಡುತ್ತದೆ. ನಗು ಬಂದರೆ ನಗಲಿ. ಆದರೆ ಒಮ್ಮೆಯಾದರೂ ದೀಪ ಆರಿಸಿ, ಫೋನು ಮಗುಚಿಟ್ಟು, ಮೊದಲ ಅರ್ಧ ಗಂಟೆ ಯಾರೂ ಚಟಾಕಿ ಹಾರಿಸದೆ ನೋಡಲಿ. ಎಲ್ಲಿ ಕೈ ಕೆಲಸ ಮಾಡಿದೆ, ಎಲ್ಲಿ ತಲೆ ಕೆಲಸ ಮಾಡಿಲ್ಲ ಎಂದು ಬೇರೆ ಬೇರೆಯಾಗಿ ಕಾಣತೊಡಗುತ್ತದೆ. ಆಮೇಲೆ ಸ್ನಾನದ ದೃಶ್ಯ ಬಂದಾಗ ಬೈಯಲಿ, ಮಚ್ಛರ್ ಸಿಂಗ್ ಬಂದಾಗ ಗೊಣಗಲಿ. ಮುಗಿದ ಮೇಲೆ ಹೆಸರುಗಳು ಬರುವಾಗ ರಿಮೋಟ್ ಒತ್ತದೆ, ಮುಖವಾಡ ಮಾಡಿದವರು ಯಾರು ಎಂದು ಓದಲಿ. ಹಲವು ಚಿತ್ರಗಳಲ್ಲಿ ಆ ಹೆಸರು ಇರುವುದೇ ಇಲ್ಲ. ನಗುವವರು ಆಗ ಏನು ಮಾಡುತ್ತಾರೋ ನೋಡಬೇಕು.